ಓರಗಿತ್ತಿಯ ನೋಟ

ಜಗಳ ಶುರುವಾದದ್ದು ಒಂದು ಲೋಟದಿಂದ. ಕಿರಿಯವಳ ತಾಯಿ ಮಗಳ ಸಂಸಾರ ನೋಡಿಕೊಂಡು ಹೋಗಲು ಬಂದಿದ್ದಳು. ಕಿರಿಯವಳು ಲೋಟ ತೊಳೆದು ನೀರು ತುಂಬಿ ತಾಯಿಯ ಕೈಗೆ ಕೊಟ್ಟಳು. ತಾಯಿ ಇನ್ನೇನು ಬಾಯಿಗಿಡಬೇಕು, ಅಷ್ಟರಲ್ಲಿ ಹಿರಿಯವಳು ಅಡುಗೆಮನೆಯಿಂದ ಬಂದು ಲೋಟ ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. "ತಳದಲ್ಲಿ ಸೋಪು ಹಾಗೇ ಕೂತಿದೆ" ಎಂದು ಒಳಗೆ ಒಯ್ದು, ಮತ್ತೆ ತೊಳೆದು, ಬೇರೆ ನೀರು ತುಂಬಿ ತಂದುಕೊಟ್ಟಳು. ತಾಯಿ ನಕ್ಕು ಕುಡಿದಳು. ಕಿರಿಯವಳಿಗೆ ಮಾತ್ರ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು.

ಇಬ್ಬರೂ ಅಣ್ಣತಮ್ಮಂದಿರ ಹೆಂಡಿರು. ಅಣ್ಣ ಬಸ್ಸು ಓಡಿಸುತ್ತಿದ್ದ, ತಮ್ಮ ಹೊಲಿಗೆ ಅಂಗಡಿ ಇಟ್ಟಿದ್ದ. ಮನೆ ಒಂದೇ, ಮೇಲೆ ಅಣ್ಣನ ಸಂಸಾರ, ಕೆಳಗೆ ತಮ್ಮನದು, ಅಡುಗೆ ಮಾತ್ರ ಒಟ್ಟಿಗೆ. ಲೋಟದ ಮರುದಿನ ಕಿರಿಯವಳು ತನ್ನ ಕೋಣೆಯ ಮೂಲೆಯಲ್ಲಿ ಬೇರೆ ಒಲೆ ಹೂಡಿದಳು. ಮಾತು ನಿಂತಿತು. ಗಂಡಂದಿರು ಎರಡು ದಿನ ರಾಜಿ ಮಾಡಿಸಲು ನೋಡಿ, ಇಬ್ಬರು ಹೆಂಗಸರಿಂದಲೂ ಬೈಸಿಕೊಂಡು ಕೈ ತೊಳೆದುಕೊಂಡರು. ಅತ್ತೆಯೊಬ್ಬಳಿಗೆ ಇದರಿಂದ ನಷ್ಟವೇನೂ ಆಗಲಿಲ್ಲ. ಕೆಳಗೆ ಉಂಡು, ಮೆಟ್ಟಿಲು ಹತ್ತಿ, ಮೇಲೂ ಸ್ವಲ್ಪ ರುಚಿ ನೋಡುತ್ತಿದ್ದಳು. "ಇನ್ನೂ ನಾಕು ದಿನ ಹಿಂಗೇ ಇರ್ರೇ, ಮೈ ಕೈ ತುಂಬ್ಕೊಳ್ತೀನಿ" ಅನ್ನುತ್ತಿದ್ದಳು.

ಮನೆಯಲ್ಲೇನೋ ಮಾತು ಬಿಡಬಹುದು. ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದ ಕಾರ್ಖಾನೆಯಲ್ಲಿ ಹಾಗೆ ಬಿಡುವಂತಿರಲಿಲ್ಲ. ಅಲ್ಲಿ ಅವರಿಬ್ಬರೂ ಜೋಡಿ.

ಅದು ಫೀನಾಲ್ ತಯಾರಿಸುವ ಕಾರ್ಖಾನೆ. ಪಕ್ಕದ ತೈಲ ಶುದ್ಧೀಕರಣ ಘಟಕದಿಂದ ಎರಡು ಕೊಳವೆಗಳಲ್ಲಿ ಬೆಂಜೀನ್ ಮತ್ತು ಪ್ರೊಪಿಲೀನ್ ಬರುತ್ತಿದ್ದವು. ಎರಡನ್ನೂ ಕೂಡಿಸಿದರೆ ಕ್ಯೂಮೀನ್ ಆಗುತ್ತದೆ. ಅದನ್ನು ಎತ್ತರದ ಗೋಪುರಗಳಿಗೆ ತುಂಬಿ ತಳದಿಂದ ಗಾಳಿ ಊದಬೇಕು. ಗಾಳಿ ಕುಡಿದ ಕ್ಯೂಮೀನ್‌ನದು ಮುಂಗೋಪ. ಜಾಸ್ತಿ ಬಿಸಿಯಾದರೆ ಗೋಪುರವನ್ನೇ ಹಾರಿಸಿಬಿಡುತ್ತದೆ. ಅದಕ್ಕೇ ಕಂಟ್ರೋಲ್ ರೂಮಿನವರು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಅದರ ಕಾವು ಕಾಯುತ್ತಿದ್ದರು. ಕೊನೆಗೆ ಅದಕ್ಕೆ ಚೂರೇ ಚೂರು ಆಸಿಡ್ ತೋರಿಸಿದರೆ ಸಾಕು, ಒಡೆದು ಎರಡಾಗುತ್ತದೆ. ಒಂದು ಫೀನಾಲ್, ಇನ್ನೊಂದು ಅಸಿಟೋನ್. ಹುಟ್ಟಿದ್ದು ಒಟ್ಟಿಗೇ ಆದರೂ ಗುಣದಲ್ಲಿ ಒಂದಕ್ಕೊಂದು ಸಂಬಂಧವಿಲ್ಲ. ಅಸಿಟೋನ್ ಉಗುರುಬಣ್ಣ ಅಳಿಸುವ ತೆಳು ಸರಕು, ಬಾಟಲಿ ಮುಚ್ಚಳ ತೆಗೆದಿಟ್ಟರೆ ಹೇಳದೆ ಕೇಳದೆ ಹಾರಿಹೋಗುತ್ತದೆ. ಫೀನಾಲ್ ಹಾಗಲ್ಲ. ಕೈ ಸುಡದಷ್ಟು ಬಿಸಿ ಇದ್ದರೂ ಸಾಕು, ನೀರಿನ ಹಾಗೆ ಹರಿಯುತ್ತದೆ; ಸ್ವಲ್ಪ ತಣ್ಣಗಾದರೆ ಕೊಳವೆಯೊಳಗೇ ಕಲ್ಲಾಗಿ ಕೂರುತ್ತದೆ. ಪ್ಲೈವುಡ್ಡಿನ ಅಂಟು, ಸ್ವಿಚ್ಚಿನ ಪ್ಲಾಸ್ಟಿಕ್ಕು, ತಲೆನೋವಿನ ಮಾತ್ರೆ, ಎಲ್ಲದಕ್ಕೂ ಅದು ಬೇಕು. ಅದು ಕಲ್ಲಾಗಬಾರದೆಂದು ಅದರ ಕೊಳವೆಗಳಿಗೆಲ್ಲ ಹಬೆಯ ಸಣ್ಣ ಕೊಳವೆ ಸುತ್ತಿ, ಮೇಲೆ ದಪ್ಪ ಹೊದಿಕೆ ಹೊದಿಸಿ, ನೆಗಡಿ ಹಿಡಿದ ಮಗುವನ್ನು ಸಾಕಿದ ಹಾಗೆ ಸಾಕುತ್ತಿದ್ದರು.

ಅದರ ಕೆಟ್ಟ ಗುಣ ಬೇರೆಯೇ ಇತ್ತು. ಅದು ಚರ್ಮ ಸುಡುತ್ತದೆ, ಆದರೆ ನೋಯಿಸುವುದಿಲ್ಲ. ತಾಗಿದ ಜಾಗವನ್ನು ಮೊದಲು ಮರಗಟ್ಟಿಸುತ್ತದೆ, ಆಮೇಲೆ ಬೆಳ್ಳಗೆ ಮಾಡುತ್ತದೆ, ಆಮೇಲೆ ಸದ್ದಿಲ್ಲದೆ ಒಳಗಿಳಿದು ಗುಂಡಿಗೆಗೂ ಮೂತ್ರಪಿಂಡಕ್ಕೂ ಹೋಗುತ್ತದೆ. ತಾಗಿದೆ ಅಂತ ತಾಗಿಸಿಕೊಂಡವರಿಗೇ ಗೊತ್ತಾಗುವುದಿಲ್ಲ. ಆದ್ದರಿಂದ ಫೀನಾಲ್ ಹತ್ತಿರ ಯಾರೂ ಒಬ್ಬರೇ ಹೋಗುವಂತಿರಲಿಲ್ಲ. ಇಬ್ಬರು ಹೋಗಬೇಕು, ಕೆಲಸ ಮುಗಿದ ಮೇಲೆ ಬೆಳಕಿನಲ್ಲಿ ನಿಂತು ಒಬ್ಬರನ್ನೊಬ್ಬರು ತಿರುಗಿಸಿ ನೋಡಬೇಕು. ಕಿವಿ, ಕತ್ತು, ಕಾಲರಿನ ಸಂದಿ, ಮೊಣಕಾಲಿನ ಹಿಂಭಾಗ. ಇದಕ್ಕೆ ಅಲ್ಲಿಯವರು ಇಟ್ಟ ಹೆಸರು 'ನೋಟ'. "ನೋಟ ಆಯ್ತಾ?" "ಆಯ್ತು." ಅಷ್ಟಾದ ಮೇಲೇ ಟೀ.

ಹೊಸದಾಗಿ ಸೇರಿದವರಿಗೆ ಅಲ್ಲಿಯ ತಮಾಷೆ ಅರ್ಥವಾಗಲು ದಿನ ಹಿಡಿಯುತ್ತಿತ್ತು. ಯಾರಾದರೂ ಸ್ಪ್ಯಾನರ್ ಬೀಳಿಸಿಕೊಂಡು ಕಾಲು ಹಿಡಿದು ಕುಣಿದರೆ ಉಳಿದವರು ಚಪ್ಪಾಳೆ ತಟ್ಟುತ್ತಿದ್ದರು. "ನೋವಾಯ್ತಾ? ಶುಭವಾಗಲಿ!"

ಹಿರಿಯವಳಿಗೆ ಕಾರ್ಖಾನೆಯಲ್ಲಿ ಎಕ್ಸ್‌ರೇ ಎಂಬ ಹೆಸರಿತ್ತು. ಅವಳ ನೋಟವೆಂದರೆ ನೋಟ. ಬೇರೆ ಜೋಡಿಗಳು ಟೀ ಕುಡಿದು ಲೋಟ ತೊಳೆಯುವ ಹೊತ್ತಿಗೂ ಅವಳು ಕಿರಿಯವಳ ಕಾಲರ್ ಮಡಚಿ ನೋಡುತ್ತಿರುತ್ತಿದ್ದಳು. ಹೆರಳು ಎತ್ತು. ಕಿವಿ ಮಡಚು. ಬಗ್ಗು. ಮಾತು ಬಿಟ್ಟ ಮೇಲೂ ಈ ಅಪ್ಪಣೆಗಳು ಮಾತ್ರ ನಿಲ್ಲಲಿಲ್ಲ. ಅವು ಮಾತಲ್ಲ, ಡ್ಯೂಟಿ ಎಂದು ಇಬ್ಬರೂ ಒಪ್ಪಿಕೊಂಡಂತಿತ್ತು. ಕಿರಿಯವಳು ಹಲ್ಲು ಕಚ್ಚಿಕೊಂಡು ತಿರುಗುತ್ತಿದ್ದಳು. ಮನೆಯಲ್ಲಿ ಪಾತ್ರೆಯ ತಳ ನೋಡುವವಳು ಇಲ್ಲಿ ತನ್ನ ಕಿವಿಯ ಸಂದಿ ನೋಡುತ್ತಾಳೆ, ತನ್ನ ಹಣೆಬರಹ ಎಂದುಕೊಳ್ಳುತ್ತಿದ್ದಳು. ತನ್ನ ಸರದಿ ಬಂದಾಗ ಓರಗಿತ್ತಿಯ ತಲೆಯ ಮೇಲಿಂದ ದೂರದ ತೊಟ್ಟಿಗಳ ಕಡೆ ಕಣ್ಣು ಹಾಯಿಸಿ, "ಏನಿಲ್ಲ" ಅಂದುಬಿಡುತ್ತಿದ್ದಳು.

ಶಿಫ್ಟ್ ಮುಗಿದ ಮೇಲೆ ಹಿರಿಯವಳದು ಇನ್ನೊಂದು ಚಾಳಿ. ಹೆಂಗಸರ ಬಟ್ಟೆ ಬದಲಿಸುವ ಕೋಣೆಯಲ್ಲಿ ಎಲ್ಲರೂ ಹೋದ ಮೇಲೂ ಅವಳು ಉಳಿಯುತ್ತಿದ್ದಳು. ಚೀಲದಿಂದ ಪುಟ್ಟ ಕೈಗನ್ನಡಿ ತೆಗೆದು, ಗೋಡೆಯ ಕನ್ನಡಿಗೆ ಬೆನ್ನು ಹಾಕಿ ನಿಂತು, ಬಹಳ ಹೊತ್ತು ಅತ್ತ ಇತ್ತ ಕೊರಳು ಹೊರಳಿಸುತ್ತಿದ್ದಳು.

"ಈ ವಯಸ್ಸಲ್ಲಿ ಇವಳಿಗೆ ಸೊಗಸು ನೋಡು" ಎಂದು ಕಿರಿಯವಳು ಜೊತೆಯವರ ಹತ್ತಿರ ಹೇಳಿ ನಕ್ಕಿದ್ದಳು. ಅವರಲ್ಲಿ ನಗುಮುಖಿ ಎಂಬವಳು ಎಲ್ಲರಿಗಿಂತ ಜೋರಾಗಿ ನಕ್ಕಿದ್ದಳು. ನಗುಮುಖಿ ಯಾವುದಕ್ಕೂ ನಗುವವಳು. ಅವಳ ನೋಟವೆಂದರೆ ಬೆನ್ನಿಗೊಂದು ಏಟು ಕೊಟ್ಟು "ರಾಣಿ ಥರ ಇದ್ದೀಯ, ನಡಿ" ಅನ್ನುವುದು. ಅವಳ ಜೋಡಿ ಹೆರಿಗೆ ರಜೆಗೆ ಹೋಗಿದ್ದಳು. ಕಿರಿಯವಳು ಇದೇ ಸಮಯ ಎಂದುಕೊಂಡು ಶಿಫ್ಟ್ ಇನ್‌ಚಾರ್ಜ್ ಹತ್ತಿರ ಹೋದಳು.

ಇನ್‌ಚಾರ್ಜ್ ದಪ್ಪ ಕನ್ನಡಕದ, ಸದಾ ಅರ್ಧ ಟೀ ಉಳಿಸುವ ಮನುಷ್ಯ. "ಸರ್, ನನ್ನ ಜೋಡಿ ಬದಲಿಸಿ" ಅಂದಳು.

"ಯಾಕಮ್ಮಾ, ಎಕ್ಸ್‌ರೇ ಏನು ಮಾಡಿದ್ರು?"

"ಏನೂ ಮಾಡಿಲ್ಲ. ಮನೇಲೂ ಅವರೇ, ಇಲ್ಲೂ ಅವರೇ. ಉಸಿರು ಕಟ್ಟುತ್ತೆ."

ಅವನು ನಕ್ಕ. "ನನಗೂ ಮನೇಲಿ ಒಬ್ರು ಹಂಗೇ ಇದ್ದಾರೆ. ನಾನು ಯಾರ ಹತ್ತಿರ ಹೋಗಿ ಕೇಳ್ಲಿ? ಆಯ್ತು, ಬರೋ ವಾರ ನೋಡೋಣ."

ಆ ವಾರ ಮುಗಿಯುವ ಮೊದಲೇ ಒಂದು ಬೆಳಗ್ಗೆ ಟ್ಯಾಂಕರ್ ಲಾರಿಗೆ ತುಂಬುವ ಕಟ್ಟೆಯ ಹತ್ತಿರ ಸ್ಯಾಂಪಲ್ ತೆಗೆಯಬೇಕಾಗಿ ಬಂತು. ಕಿರಿಯವಳ ಕೆಲಸ ನಲ್ಲಿಯಿಂದ ಕಂದು ಬಾಟಲಿಗೆ ಫೀನಾಲ್ ಹಿಡಿಯುವುದು. ಹಿರಿಯವಳು ಹಿಂದೆ ನಿಂತು ಹಬೆಯ ಪೈಪು, ನೀರಿನ ಶವರ್ ಸರಿಯಿವೆಯೇ ಎಂದು ನೋಡಿಕೊಳ್ಳಬೇಕು. ಹಿಂದಿನ ಸಂಜೆ ಹಬೆ ಎಲ್ಲೋ ಕಟ್ಟಿಕೊಂಡಿದ್ದರಿಂದ ಆ ನಲ್ಲಿಯ ಸಣ್ಣ ಕೊಳವೆ ತಣ್ಣಗಾಗಿತ್ತು. ಕಿರಿಯವಳು ನಲ್ಲಿ ತಿರುಗಿಸಿದಳು. ಒಂದು ಹನಿಯೂ ಬರಲಿಲ್ಲ.

"ಒಳಗೆ ಕಟ್ಟಿದೆ" ಅಂದಳು ಹಿರಿಯವಳು. "ನಲ್ಲಿ ಮುಚ್ಚಿ ಆಮೇಲೆ ಹಬೆ ಕೊಡು."

ಅದು ಎಲ್ಲರಿಗೂ ಮೊದಲ ದಿನವೇ ಕಲಿಸುವ ಪಾಠ. ಕಿರಿಯವಳಿಗೂ ಗೊತ್ತಿತ್ತು. ಹಿರಿಯವಳು ಹೇಳದಿದ್ದರೆ ಅವಳೇ ಮುಚ್ಚುತ್ತಿದ್ದಳೋ ಏನೋ. ಹೇಳಿದ್ದರಿಂದ ಅವಳ ಕೈ ಮೊಂಡುಬಿತ್ತು. 'ಗೊತ್ತು' ಎಂದುಕೊಂಡು, ನಲ್ಲಿಯನ್ನು ಅರ್ಧ ಮಾತ್ರ ತಿರುಗಿಸಿ, ಹಬೆಯ ಪೈಪು ಎತ್ತಿಕೊಂಡಳು. ಹಿಂದೆ ನಿಂತ ಹಿರಿಯವಳಿಗೆ ಕಂಡದ್ದು ಅವಳ ಬೆನ್ನು ಮಾತ್ರ, ನಲ್ಲಿಯಲ್ಲ.

ಹಬೆ ತಾಗುತ್ತಿದ್ದಂತೆ ಕೊಳವೆಯೊಳಗೆ ಬಿರಡೆಯಂತೆ ಗಟ್ಟಿಯಾಗಿದ್ದ ಫೀನಾಲ್ ಸಡಿಲವಾಯಿತು. 'ಟಪ್' ಎಂದು ಹಾರಿತು. ಅದರ ಹಿಂದೆಯೇ ಬಿಸಿ ಫೀನಾಲ್ ಒಂದು ಗಳಿಗೆ ಚಿಮ್ಮಿ, ಅವಳ ತಲೆಯ ಮೇಲಿನ ಕಬ್ಬಿಣದ ತೊಲೆಗೆ ಬಡಿದು ಚೆದುರಿತು. ಕಿರಿಯವಳು ಪೈಪು ಬಿಸಾಕಿ ನಲ್ಲಿ ಮುಚ್ಚಿ ಹಿಂದೆ ಸರಿದಳು. ಮುಖದ ಮೇಲಿನ ಗಾಜಿನಂಥ ಮುಸುಕು ನೋಡಿಕೊಂಡಳು, ಹನಿಯಿಲ್ಲ. ಏಪ್ರನ್ ನೋಡಿಕೊಂಡಳು, ಒದ್ದೆಯಾಗಿಲ್ಲ. ಕೈಗವಸು, ಬೂಟು, ಎಲ್ಲ ಸರಿ. ಎಲ್ಲೂ ನೋವಿಲ್ಲ. ಬಚಾವಾದೆ ಎಂದುಕೊಂಡಳು.

"ಬಾ ಇಲ್ಲಿ" ಅಂದಳು ಹಿರಿಯವಳು.

"ಏನಾಗಿಲ್ಲ."

"ಬಾ ಅಂದೆ. ತಿರುಗು."

"ಏನಾಗಿಲ್ಲ ಅಂದ್ನಲ್ಲ. ನೋಡ್ಕೊಂಡೆ."

"ನಿನ್ನ ಬೆನ್ನಲ್ಲಿ ನಿನಗೆ ಕಣ್ಣಿದ್ಯಾ? ತಿರುಗೇ!"

ತಿರುಗಿದಳು. ಹಿರಿಯವಳು ಹೆರಳು ಎತ್ತಿದಳು. ಕಾಲರ್ ಕೆಳಗೆ ಎಳೆದಳು.

"ಇಲ್ಲಿ ಬೆಳ್ಳಗಾಗಿದೆ."

"ಪೌಡರ್ ಇರ್ಬೇಕು. ಬೆಳಗ್ಗೆ ಹಚ್ಕೊಂಡಿದ್ದೆ."

"ಪೌಡರ್ ಮುಖಕ್ಕೆ ಹಚ್ತೀಯೋ ಬೆನ್ನಿಗೋ?"

"ಸೆಖೆಗೆ ಕತ್ತಿಗೂ ಹಾಕ್ತೀನಿ. ಬಿಡಿ, ಎಲ್ಲದರಲ್ಲೂ ಹುಳುಕು ಹುಡುಕ್ಬೇಡಿ!" ಎಂದು ಕಿರಿಯವಳು ಅವಳ ಕೈ ಕೊಡವಿದಳು. ಬಟ್ಟೆಯ ತುದಿಯಿಂದ ಕತ್ತು ಒರೆಸಿಕೊಳ್ಳಲು ಹೋದಳು. ಹಿರಿಯವಳು ಆ ಕೈ ಮೇಲೆ ಫಟ್ಟನೆ ಹೊಡೆದಳು. ಕಿರಿಯವಳು ದಂಗಾಗಿ ನಿಂತುಬಿಟ್ಟಳು. ಮದುವೆಯಾಗಿ ಬಂದಾಗಿನಿಂದ ಯಾರೂ ಅವಳನ್ನು ಹೊಡೆದಿರಲಿಲ್ಲ.

ಅದರ ನಂತರ ಕೇಳುವುದು ಹೇಳುವುದು ಇರಲಿಲ್ಲ. ಹಿರಿಯವಳು ರಟ್ಟೆ ಹಿಡಿದು ದರದರ ಎಳೆದುಕೊಂಡೇ ಹೋದಳು. ಹೋಗುತ್ತ, "ತಾಗಿದೆ! ತಾಗಿದೆ!" ಎಂದು ಕೂಗಿದಳು. ಆ ಕೂಗು ಅಲ್ಲಿ ಎಲ್ಲರಿಗೂ ಗೊತ್ತು. ಲಾರಿ ಡ್ರೈವರುಗಳು ತಾವಾಗಿಯೇ ದಾರಿ ಬಿಟ್ಟು, ಮುಖ ಆ ಕಡೆ ತಿರುಗಿಸಿ ನಿಂತರು. ಶವರಿನ ತಗಡಿನ ಗೂಡಿನೊಳಗೆ ನೂಕಿ, ಏಪ್ರನ್ನಿನ ಕಟ್ಟು, ಅಂಗಿಯ ಗುಂಡಿ ಒಂದೂ ಬಿಚ್ಚುವ ಗೋಜಿಗೆ ಹೋಗದೆ, ಗೂಟದಲ್ಲಿ ತೂಗುಹಾಕಿದ್ದ ಕತ್ತರಿಯಿಂದ ಬೆನ್ನುದ್ದಕ್ಕೂ ಕತ್ತರಿಸಿದಳು. ಹನಿಗಳು ಕಾಲರಿನ ಸಂದಿಯಿಂದ ಒಳಗಿಳಿದಿದ್ದವು. ಬಟ್ಟೆ ಅದನ್ನು ಹೀರಿಕೊಂಡು ಚರ್ಮಕ್ಕೆ ಅಂಟಿ ಕೂತಿತ್ತು. ಹೆಗಲ ಮೂಳೆಯವರೆಗೆ ಅಂಗೈ ಅಗಲದ ಜಾಗ ಸುಣ್ಣ ಬಳಿದಂತಾಗಿತ್ತು.

"ಮುಟ್ತಾ ಇದ್ದೀನಿ, ಗೊತ್ತಾಗ್ತಿದ್ಯಾ?"

"ಎಲ್ಲಿ?"

ಹಿರಿಯವಳು ಶವರಿನ ಹಿಡಿ ಎಳೆದಳು. ನೀರು ಸುರಿಯಿತು. ಮೇಲಿಂದ ಬಕೆಟ್ಟು ಬಕೆಟ್ಟು ಸುರಿದಂತೆ. ಚೂರು ನೀರು ಸೋಕಿಸಿದರೆ ಫೀನಾಲ್ ಇನ್ನೂ ಅಗಲಕ್ಕೆ ಹರಡುತ್ತದೆ. ಸುರಿದರೆ ಹೊಳೆಯ ಹಾಗೆ ಸುರಿಯಬೇಕು. ಆಮೇಲೆ ಗೂಡಿನ ಕಪಾಟಿನಿಂದ ಗ್ಲೈಕಾಲ್ ತೆಗೆದಳು. ಎಣ್ಣೆಯಲ್ಲದಿದ್ದರೂ ಎಣ್ಣೆಯಂತೆ ಮಂದವಾದ ಆ ದ್ರವಕ್ಕೆ ಫೀನಾಲ್ ಅನ್ನು ಚರ್ಮದಿಂದ ಕಿತ್ತು ತರುವ ಗುಣವಿದೆ. ಹತ್ತಿಯ ಉಂಡೆ ಅದ್ದಿ ಒರೆಸಿದಳು, ಬಿಸಾಡಿದಳು. ಹೊಸದು ಅದ್ದಿ ಒರೆಸಿದಳು, ಬಿಸಾಡಿದಳು. ಒರೆಸುತ್ತ ಬೈಯುತ್ತಿದ್ದಳು. "ಪೌಡರಂತೆ. ಪೌಡರ್. ನಿನ್ನ ಪೌಡರ್ ಡಬ್ಬಿಗೆ ಬೆಂಕಿ ಹಾಕ."

ಕಿರಿಯವಳಿಗೆ ತಲೆ ಗಿರ್ರೆಂದಿತು. ಕಿವಿಯಲ್ಲಿ ಗುಂಯ್ ಎನ್ನತೊಡಗಿತು. "ಅಕ್ಕಾ" ಅಂದಳು. ಲೋಟದ ದಿನದ ನಂತರ ಆ ಪದ ಅವಳ ಬಾಯಿಂದ ಬಂದದ್ದು ಅದೇ ಮೊದಲು. "ಅಕ್ಕಾ, ಕಾಲು ನಿಲ್ತಿಲ್ಲ."

"ಕೂತ್ಕೋ. ನನ್ನ ಮೇಲೆ ಒರಗು. ಒರಗೇ, ನನಗೇನೂ ಆಗಲ್ಲ."

ಗೂಡಿನ ನೆಲದಲ್ಲಿ ಕೂತು, ಓರಗಿತ್ತಿಯ ಒದ್ದೆ ತೊಡೆಗೆ ತಲೆ ಇಟ್ಟಳು. ನೀರು ಸುರಿಯುತ್ತಲೇ ಇತ್ತು. ಸ್ಟ್ರೆಚರ್ ಬರುವವರೆಗೂ ಬೈಗುಳವೂ ನಿಲ್ಲಲಿಲ್ಲ.

ಕಾರ್ಖಾನೆಯ ಆಸ್ಪತ್ರೆಯ ಡಾಕ್ಟರು ಗುಂಡಿಗೆಯ ಬಡಿತ ನೋಡಲು ಎದೆಗೆ ತಂತಿ ಅಂಟಿಸಿ ಮಲಗಿಸಿದರು. ಸಂಜೆಯ ಹೊತ್ತಿಗೆ ಬಡಿತ ಸರಿದಾರಿಗೆ ಬಂತು. ಮೂತ್ರ ಪರೀಕ್ಷೆಯೂ ಸರಿಯಾಗಿಯೇ ಬಂತು. ಹೊಲಿಗೆ ಅಂಗಡಿ ಮುಚ್ಚಿ ಓಡಿಬಂದ ಗಂಡ, ಕೊರಳಲ್ಲಿ ಅಳತೆಯ ಟೇಪು ಹಾಗೇ ತೂಗಿಸಿಕೊಂಡು, ಡಾಕ್ಟರ ಮುಖವನ್ನೇ ನೋಡುತ್ತ ನಿಂತಿದ್ದ.

"ಇದು ಟೀ ಕುಡಿದು ಮನೆಗೆ ಹೋಗಿ ಸ್ನಾನ ಮಾಡೋವಾಗ ಗೊತ್ತಾಗಿದ್ರೆ ನಾನೇನೂ ಮಾಡೋ ಹಾಗಿರಲಿಲ್ಲ" ಅಂದರು ಡಾಕ್ಟರು. "ನೋಡಿದ ಕಣ್ಣು ಯಾರದು?"

"ನಮ್ಮತ್ತಿಗೇದು" ಅಂದ ಗಂಡ. ಹೇಳಿದವನೇ ಗೋಡೆಯ ಕಡೆ ತಿರುಗಿ, ಟೇಪಿನ ತುದಿಯಿಂದ ಕಣ್ಣು ಒರೆಸಿಕೊಂಡ.

ಮನೆಗೆ ಬಂದ ಮೇಲೆ ಇನ್ನೊಂದು ಪೀಕಲಾಟ ಶುರುವಾಯಿತು. ಬೆನ್ನಿನ ಗಾಯಕ್ಕೆ ದಿನಾ ಪಟ್ಟಿ ಬದಲಿಸಬೇಕು. ಗಂಡ ಬಟ್ಟೆ ಕತ್ತರಿಸುವುದರಲ್ಲಿ ಶೂರ. ಗಾಯ ನೋಡಿದರೆ ತಲೆ ಸುತ್ತಿ ಬೀಳುವ ಆಸಾಮಿ. ಮೊದಲ ದಿನ ಪಟ್ಟಿ ಬಿಚ್ಚಿ ಅವನೇ ಮಂಚ ಹಿಡಿದುಕೊಂಡ. ಅತ್ತೆಗೆ ಕಣ್ಣು ಮಂಜು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಹಿರಿಯವಳು ಇಳಿದು ಬಂದು, ಮೈದುನನನ್ನು ಪಕ್ಕಕ್ಕೆ ಸರಿಸಿ, ಕೈ ತೊಳೆದು ಕೂತಳು. ಯಾರ ಮುಖವನ್ನೂ ನೋಡದೆ ಪಟ್ಟಿ ಕಟ್ಟಿದಳು. "ಹಾಸಿಗೆ ಬಟ್ಟೆ ಒಗೆದು ಎಷ್ಟು ದಿನ ಆಯ್ತು?" ಎಂದಷ್ಟೇ ಕೇಳಿ, ಬಟ್ಟೆ ಎಳೆದುಕೊಂಡು ಮೇಲೆ ಹೋದಳು. ಸಂಜೆ ಅದನ್ನು ಒಗೆದು, ಒಣಗಿಸಿ, ಮಡಚಿ ಅತ್ತೆಯ ಕೈಲಿ ಕಳಿಸಿದಳು.

ಹೀಗೇ ದಿನ ಕಳೆಯಿತು. ಕಿರಿಯವಳು ಬೋರಲು ಮಲಗಿ ಗೋಡೆ ನೋಡುತ್ತ ಯೋಚಿಸುತ್ತಿದ್ದಳು. ಅವಳಿಗೆ ಹಿರಿಯವಳ ಮೇಲೆ ಒಮ್ಮೆಲೇ ಪ್ರೀತಿಯೇನೂ ಉಕ್ಕಲಿಲ್ಲ. ಹಿರಿಯವಳು ಹಿಂದೆ ಹೇಗಿದ್ದಳೋ ಈಗಲೂ ಹಾಗೇ ಇದ್ದಳು. ಪಟ್ಟಿ ಕಟ್ಟುತ್ತಲೇ ಕಿಟಕಿಯ ಧೂಳಿಗೆ ಮೂಗು ಮುರಿಯುತ್ತಿದ್ದಳು. ಆದರೆ ಬೆಳಗ್ಗೆ ಕಣ್ಣು ಬಿಟ್ಟಾಗ, ಗಾಯ ಚುರುಗುಟ್ಟಿದಾಗ, ಗಂಡ ಅಂಗಡಿಯಿಂದ ಬಂದು ಚಪ್ಪಲಿ ಬಿಡುವ ಸದ್ದಾದಾಗ, ಇದೆಲ್ಲ ತನಗೆ ಇನ್ನೂ ಇದೆಯಲ್ಲ ಅನ್ನಿಸುತ್ತಿತ್ತು. ಇದೆಯಲ್ಲ ಅನ್ನಿಸಿದಾಗಲೆಲ್ಲ ಒದ್ದೆ ತೊಡೆಯೂ ಆ ಬೈಗುಳವೂ ನೆನಪಾಗುತ್ತಿದ್ದವು. ಋಣ ಎಂಬುದು ಇಷ್ಟವಾದವರದೇ ಆಗಿರಬೇಕೆಂದೇನೂ ಇಲ್ಲ ಎಂದು ಅವಳಿಗೆ ಅರ್ಥವಾಯಿತು.

ಒಂದು ದಿನ ಧೈರ್ಯ ಮಾಡಿ, ದಿಂಬಿನೊಳಗೆ ಮುಖ ಹುದುಗಿಸಿಕೊಂಡೇ, "ಅಕ್ಕ, ನೀವಿಲ್ಲದಿದ್ರೆ ನಾನು…" ಎಂದು ಶುರು ಮಾಡಿದಳು.

"ಅಲ್ಲಾಡ್ಬೇಡ. ಅಂಟು ಸರಿಯಾಗಿ ಕೂರಲ್ಲ."

"ಅಲ್ಲ, ನಾನು ಹೇಳೋದೇನಂದ್ರೆ, ನಿಮ್ಮ ಉಪಕಾರ…"

"ನಿನ್ನ ಜಾಗದಲ್ಲಿ ನಾಯಿ ಇದ್ರೂ ಎಳ್ಕೊಂಡು ಹೋಗ್ತಿದ್ದೆ" ಎಂದು ಹಿರಿಯವಳು ಎದ್ದು ಹೋದಳು.

ಬಾಗಿಲಲ್ಲಿ ಕೂತಿದ್ದ ಅತ್ತೆ ಕಿರಿಯವಳ ಕಡೆ ನೋಡಿ, "ನಿನ್ನನ್ನ ನಾಯಿ ಲೆಕ್ಕಕ್ಕೆ ತಗೊಂಡ್ಲಲ್ಲ, ಅದೇ ದೊಡ್ಡದು. ಲೋಟದ ದಿನ ಅದಕ್ಕಿಂತ ಕಡೆಯಾಗಿದ್ದೆ" ಅಂದಳು. ಕಿರಿಯವಳಿಗೆ ನಗು ಬಂತು. ನಕ್ಕರೆ ಬೆನ್ನು ಎಳೆಯುತ್ತಿತ್ತು. ಆದರೂ ನಕ್ಕಳು.

ಗಾಯ ಮಾಗಿ ಕೆಲಸಕ್ಕೆ ಹೋದ ದಿನ ಇನ್‌ಚಾರ್ಜ್ ಖುಷಿಯಾಗಿದ್ದ. "ನೀನು ಕೇಳಿದ್ದು ಆಯ್ತಮ್ಮ. ಇವತ್ತಿಂದ ನಗುಮುಖಿ ಜೊತೆ."

"ಬೇಡ ಸರ್. ನನಗೆ ಅಕ್ಕನೇ ಇರ್ಲಿ."

ಅವನು ಕನ್ನಡಕ ತೆಗೆದು ಒರೆಸಿದ. "ಅಕ್ಕನೇ ಇರ್ಲಿ ಅಂದ್ರೆ ಅಕ್ಕ ಒಪ್ಪಬೇಕಲ್ಲ. ನಿನ್ನೆ ಬಂದು ಹೇಳಿದ್ರು, ನಿನ್ನ ಜೊತೆ ಹಾಕ್ಬೇಡಿ ಅಂತ. ಅವರಾಗಿ ಅವರು ಏನನ್ನೂ ಕೇಳಿದವರಲ್ಲ. ಹಾಗಾಗಿ ನಾನೂ ಹೂಂ ಅಂದೆ."

ನಿನ್ನೆ ಸಂಜೆಯೂ ಹಿರಿಯವಳು ಬಂದು ಗಾಯ ನೋಡಿ, ಮುಲಾಮು ಹಚ್ಚಿ ಹೋಗಿದ್ದಳು. ಒಂದು ಮಾತು ಹೇಳಿರಲಿಲ್ಲ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಹಿರಿಯವಳು ಬೂಟು ಹಾಕಿಕೊಳ್ಳುತ್ತಿದ್ದಳು. ಬೇರೆ ಯಾರೂ ಇರಲಿಲ್ಲ.

"ಅಕ್ಕ, ಯಾಕೆ ಬೇಡ ಅಂದ್ರಿ?"

"ಬೇಡ ಅನ್ನಿಸ್ತು."

"ಮನೇಲಿ ದಿನಾ ಬಂದು ಪಟ್ಟಿ ಕಟ್ಟಿದ್ರಿ."

"ಅಲ್ಲಿ ನಿನ್ನ ಬೆನ್ನು ನೋಡಿದ್ದು ನಾನು. ಇಲ್ಲಿ ನನ್ನ ಬೆನ್ನನ್ನ ನಿನ್ನ ಕೈಲಿ ಕೊಡ್ಬೇಕು. ಎರಡೂ ಒಂದೇ ಅಲ್ಲ."

"ನಾನೂ ನೋಡ್ತಿದ್ದೆನಲ್ಲ?"

ಹಿರಿಯವಳು ಬೂಟಿನ ಪಟ್ಟಿ ಬಿಟ್ಟು ತಲೆ ಎತ್ತಿದಳು. ಸಿಟ್ಟಿನ ಮುಖವಲ್ಲ. "ಒಂದು ದಿನ ನಾನು ಕಿವಿ ಹಿಂದೆ ಸೀಮೆಸುಣ್ಣದ ಚುಕ್ಕೆ ಇಟ್ಕೊಂಡು ಬಂದಿದ್ದೆ, ಬೇಕಂತಲೇ. ನೀನು ಏನಿಲ್ಲ ಅಂದೆ. ಮಾರನೇ ದಿನ ಕತ್ತಿಗೆ ಗೀಟು ಎಳ್ಕೊಂಡೆ, ಇಷ್ಟುದ್ದ. ಆಗಲೂ ಏನಿಲ್ಲ ಅಂದೆ."

ಕಿರಿಯವಳು ಕಣ್ಣು ತಗ್ಗಿಸಿದಳು. ಹಿರಿಯವಳ ಚೀಲ ಬೆಂಚಿನ ಮೇಲಿತ್ತು. ಅದರ ಬಾಯಿಂದ ಕೈಗನ್ನಡಿಯ ಅಂಚು ಹೊರಗೆ ಕಾಣುತ್ತಿತ್ತು. ಶಿಫ್ಟ್ ಮುಗಿದ ಮೇಲೆ ಗೋಡೆಗನ್ನಡಿಗೆ ಬೆನ್ನು ಹಾಕಿ ಕೊರಳು ಹೊರಳಿಸುತ್ತಿದ್ದುದು ಸೊಗಸಿಗಲ್ಲ. ತನ್ನ ಬೆನ್ನನ್ನು ತಾನೇ ನೋಡಿಕೊಳ್ಳುತ್ತಿದ್ದಳು. ಅದೂ ಕೆಲಸವೆಲ್ಲ ಮುಗಿದು, ತಾಗಿದ್ದರೆ ಬಹಳ ಹೊತ್ತು ಮೀರಿಹೋದ ಮೇಲೆ.

"ಸಾರ್‌ಗೆ ಹೇಳ್ಬಹುದಿತ್ತಲ್ಲ" ಅಂದಳು ಕೊನೆಗೆ.

"ಹೇಳಿದ್ರೆ ಅವತ್ತೇ ನಿನ್ನನ್ನ ಗೇಟಿನಿಂದಾಚೆ ಹಾಕ್ತಿದ್ರು. ನೋಟದಲ್ಲಿ ಸುಳ್ಳು ಹೇಳಿದವರನ್ನ ಇಟ್ಕೊಳ್ಳಲ್ಲ." ಹಿರಿಯವಳು ಮತ್ತೆ ಬೂಟಿಗೆ ಬಗ್ಗಿದಳು. "ಮೈದುನನ ಅಂಗಡಿ ನಡೆಯೋದು ಅಷ್ಟಕ್ಕಷ್ಟೇ, ನಿನ್ನ ಸಂಬಳ ಬೇಕು. ಸುಮ್ಮನಿದ್ದೆ. ಈಗ ನನಗೆ ಭಯ. ನಿನ್ನ ಬೆನ್ನು ನೋಡಿದ ಮೇಲೆ ಭಯ ಶುರುವಾಗಿದೆ. ಅಷ್ಟೇ, ಇನ್ನೇನಿಲ್ಲ."

ಕ್ಷಮಿಸಿ ಅನ್ನುವ ಮಾತು ಕಿರಿಯವಳ ನಾಲಿಗೆಯ ತುದಿಗೆ ಬಂದು ನಿಂತಿತು. ಅದು ತೀರ ಅಗ್ಗದ ಮಾತೆನ್ನಿಸಿತು. ಇಷ್ಟು ದಿನ ತಾನು ಕಣ್ಣು ತಪ್ಪಿಸಿದಾಗಲೆಲ್ಲ ಈ ಹೆಂಗಸಿನ ಮೈಮೇಲೆ ಒಂದು ಹನಿಯೂ ಬೀಳಲಿಲ್ಲವಲ್ಲ ಎಂದು ನೆನೆದಳು. ತನ್ನ ಜೀವ ಉಳಿದದ್ದಕ್ಕಿಂತ ಇದೇ ದೊಡ್ಡ ಪುಣ್ಯವೆನ್ನಿಸಿತು. ಬಿದ್ದಿದ್ದರೆ, ಆ ಪುಟ್ಟ ಕನ್ನಡಿಯಲ್ಲಿ ಅದು ಕಾಣುವ ಹೊತ್ತಿಗೆ ಕಾಲ ಮಿಂಚಿರುತ್ತಿತ್ತು. ಆಮೇಲೆ ಆ ಮನೆಯ ಮೆಟ್ಟಿಲು ಹತ್ತಿ ಭಾವನಿಗೆ ಏನು ಹೇಳುತ್ತಿದ್ದಳು?

"ಎದ್ದು ನಿಲ್ಲಿ ಅಕ್ಕ" ಅಂದಳು.

"ಯಾಕೆ?"

"ನಿಲ್ಲಿ. ಬೆಳಕಿಗೆ ಬನ್ನಿ."

"ಇನ್ನೂ ಕೆಲಸಕ್ಕೇ ಹೋಗಿಲ್ಲ, ಈಗೇನು ನೋಟ?"

"ಹೋಗೋಕ್ಮುಂಚೆ ಹೇಗಿದ್ರಿ ಅಂತ ಗೊತ್ತಿದ್ರೆ ತಾನೆ ಬಂದಮೇಲೆ ಏನಾಯ್ತು ಅಂತ ಗೊತ್ತಾಗೋದು?"

ಹಿರಿಯವಳು ಗೊಣಗುತ್ತ ಎದ್ದು ಕಿಟಕಿಯ ಕೆಳಗೆ ನಿಂತಳು. ಕಿರಿಯವಳು ನೋಡತೊಡಗಿದಳು. ಒಂದೇ ಮನೆಯಲ್ಲಿ ವರ್ಷಗಳಿಂದ ಇದ್ದರೂ ಆ ಮುಖವನ್ನು ಅವಳು ಹೀಗೆ ನೋಡಿರಲಿಲ್ಲ. ಎಡಗಿವಿಯ ಓಲೆಯ ತೂತು ಜಗ್ಗಿ ಉದ್ದವಾಗಿತ್ತು. ಅದರ ಹಿಂದೆ ಎಳ್ಳಿನಷ್ಟು ದೊಡ್ಡ ಎರಡು ಮಚ್ಚೆ. ಹೆರಳಿನ ಬುಡದಲ್ಲಿ ಹೊರಗೆ ಕಾಣದಂತೆ ಬಾಚಿಟ್ಟ ನರೆ. ಕತ್ತಿನ ಹಿಂದೆ ಹಳೆಯ ಗುಳ್ಳೆಯ ಕಲೆ. ಒಂದೊಂದನ್ನೂ ಬಾಯಿಬಿಟ್ಟು ಹೇಳುತ್ತ ಹೋದಳು. ಕಾಲರ್ ಬಿಗಿಯಾಗಿದೆ. ಮೂರನೇ ಗುಂಡಿಯ ದಾರ ಸಡಿಲವಾಗಿದೆ, ಸಂಜೆ ಇವರ ಕೈಲಿ ಹೊಲಿಸ್ತೀನಿ. ಮೊಣಕೈ ಹತ್ತಿರ ಅಂಗಿ ತೆಳ್ಳಗಾಗಿದೆ. ಬಗ್ಗಿ. ಇನ್ನೂ ಬಗ್ಗಿ.

"ಸೊಂಟ ಹಿಡಿದುಹೋದ್ರೆ ನೀನೇ ಎಣ್ಣೆ ತಿಕ್ಬೇಕು" ಅಂದಳು ಹಿರಿಯವಳು.

"ತಿಕ್ತೀನಿ. ಸುಮ್ನೆ ನಿಲ್ಲಿ."

ಅಷ್ಟರಲ್ಲಿ ನಗುಮುಖಿ ಬಾಗಿಲಲ್ಲಿ ತಲೆ ಹಾಕಿದಳು. "ಬಾರೇ ರಾಣಿ, ನನ್ನ ಜೋಡಿ ನೀನು. ಇದೇನು, ಮದುವೆ ಹೆಣ್ಣಿನ ಪರೀಕ್ಷೆನಾ?"

"ನೀನು ಹೋಗು" ಅಂದಳು ಕಿರಿಯವಳು, ತಿರುಗದೆ. "ನನ್ನ ಜೋಡಿ ಇಲ್ಲಿದ್ದಾರೆ. ಒಪ್ಪಿಲ್ಲ ಇನ್ನೂ. ಕೇಳ್ತಾ ಇದ್ದೀನಿ."

ನಗುಮುಖಿ ಹಿರಿಯವಳ ಮುಖ ನೋಡಿದಳು. ಹಿರಿಯವಳು ಬಗ್ಗಿಯೇ ನಿಂತಿದ್ದಳು. ಬೇಡವೆನ್ನಲಿಲ್ಲ. ನಗುಮುಖಿ ಅವತ್ತು ನಗದೆಯೇ ಹೋದಳು.

ಉಳಿದದ್ದು ಕೈಗವಸು. ಕಿರಿಯವಳು ಹಿರಿಯವಳ ಬಲಗೈ ಗವಸು ತೆಗೆದುಕೊಂಡು, ಬಾಯಿಂದ ಗಾಳಿ ತುಂಬಿ, ಮಣಿಕಟ್ಟಿನ ಹತ್ತಿರ ತಿರುಚಿ ಹಿಡಿದು, ಬೆರಳು ಬೆರಳನ್ನೂ ಹಿಂಡಿ ಕಿವಿಗಿಟ್ಟುಕೊಂಡಳು. ಹೆಬ್ಬೆರಳ ಸಂದಿಗೆ ಬಂದಾಗ ನಿಂತಳು. ಮತ್ತೆ ಹಿಂಡಿದಳು.

"ಇಲ್ಲಿ ಸೋರ್ತಿದೆ."

"ಕೊಡು ಇಲ್ಲಿ. ನಿನ್ನೆ ತಾನೆ ಹೊಸದು ತಗೊಂಡಿದ್ದು."

ಹಿರಿಯವಳು ಅದನ್ನು ಕೆನ್ನೆಯ ಹತ್ತಿರ ಹಿಡಿದು ಒತ್ತಿದಳು. ಸೂಜಿಮೊನೆಯಷ್ಟು ಗಾಳಿ ಕೆನ್ನೆಗೆ ತಾಗಿರಬೇಕು, ಕಣ್ಣು ಕಿರಿದು ಮಾಡಿದಳು. ಇನ್ನೊಮ್ಮೆ ಒತ್ತಿದಳು. ಆಮೇಲೆ ಗವಸನ್ನು ಕಸದ ಡಬ್ಬಿಗೆ ಹಾಕಿದಳು.

ಹೊರಗೆ ಲಾರಿಯವನು ಹಾರನ್ ಹೊಡೆದ. ಇನ್‌ಚಾರ್ಜ್ ಎಲ್ಲಿಂದಲೋ ಕೂಗಿದ, "ಕಟ್ಟೆಗೆ ಯಾರು ಬರ್ತಿದ್ದೀರಿ?"

"ಬರ್ತಿದ್ದೀವಿ, ನಾವಿಬ್ರು" ಎಂದು ಹಿರಿಯವಳು ಕೂಗಿ ಹೇಳಿದಳು. ಕಿರಿಯವಳ ಕಡೆ ಖಾಲಿ ಕೈ ಚಾಚಿದಳು. "ಬೇರೆ ಗವಸು ಕೊಡು. ಅದನ್ನೂ ಊದಿ ನೋಡು, ಆಮೇಲೆ ಕೊಡು."